ಚಿಕ್ಕಮ್ಮನ ಅಯೋಡಿನ್, ಅಟ್ಟದ ಗ್ಯಾಸ್‌ಲೈಟ್

ಚಿಕ್ಕಮ್ಮನಿಗೆ ಥೈರಾಯ್ಡ್ ಆಪರೇಶನ್ ಆಯಿತು. ಕತ್ತಿನ ಗಂಟು ಕ್ಯಾನ್ಸರಿನದ್ದು ಅಂತ ರಿಪೋರ್ಟ್ ಬಂದಿತ್ತು. ಭಯಪಡಬೇಡಿ, ಉಳಿದ ಚೂರುಪಾರಿಗೆ ಒಂದು ಡೋಸ್ ಅಯೋಡಿನ್ ಕೊಡುತ್ತೇವೆ ಅಂದರು ಡಾಕ್ಟರು. ಅಯೋಡಿನ್ ತಾನೇ ಅಂತ ಮನೆಯವರೆಲ್ಲ ಸಮಾಧಾನ ಮಾಡಿಕೊಂಡರು. ಆಮೇಲೆ ಕೈಗೆ ಒಂದು ಹಾಳೆ ಬಂತು. ಎರಡು ವಾರ ಮೊದಲಿನಿಂದ ಸಮುದ್ರದ ಮೀನು ಬಿಡಬೇಕು. ಅಯೋಡಿನ್ ಹಾಕಿದ ಉಪ್ಪು ಬಿಡಬೇಕು. ಔಷಧಿ ಕೊಟ್ಟ ಮೇಲೆ ಆಸ್ಪತ್ರೆಯ ರೂಮಿನಲ್ಲಿ ಒಬ್ಬರೇ ಇರಬೇಕು, ಜೊತೆಗೆ ಯಾರೂ ನಿಲ್ಲುವಂತಿಲ್ಲ. ಮನೆಗೆ ಬಂದ ಮೇಲೆ ಬೇರೆ ಹಾಸಿಗೆ, ಬೇರೆ ಟವೆಲ್, ಪಾಯಿಖಾನೆಗೆ ಹೋದರೆ ಎರಡು ಸಲ ಫ್ಲಶ್. ಚಿಕ್ಕ ಮಕ್ಕಳ ಹತ್ತಿರ, ಬಸುರಿಯರ ಹತ್ತಿರ ಹೋಗಬಾರದು. ಅವರ ಮನೆ ಇರುವುದು ಮಲ್ಪೆಯ ಹತ್ತಿರ. ಎರಡು ವಾರ ಬಂಗುಡೆಯ ವಾಸನೆ ಮಾತ್ರ ಕುಡಿದುಕೊಂಡು ಬದುಕಿದ ಚಿಕ್ಕಮ್ಮ, ಕ್ಯಾನ್ಸರಿಗಿಂತ ಅದೇ ದೊಡ್ಡ ಕಷ್ಟ ಅಂತ ಈಗಲೂ ಹೇಳುತ್ತಾರೆ. ಅಯೋಡಿನ್ ಇಲ್ಲದ ಉಪ್ಪು ಹುಡುಕುವುದೂ ಒಂದು ಕತೆಯೇ. ಅಂಗಡಿಯಲ್ಲಿ ಯಾವ ಪ್ಯಾಕೆಟ್ ತಿರುಗಿಸಿ ನೋಡಿದರೂ ಅಯೋಡಿನ್ ಹಾಕಿದ್ದೇ.

ಹಾಳೆಯಲ್ಲಿ ಅಯೋಡಿನ್ ಜೊತೆ ರೇಡಿಯೋ ಅನ್ನುವ ಮಾತು ನೋಡಿ, ಇದು ವಿಕಿರಣ ಸೂಸುವ ಅಯೋಡಿನ್ ಅಂತ ಗೊತ್ತಾದ ಮೇಲೆ ಮನೆಯ ಗಾಳಿ ಬದಲಾಯಿತು. ಕೈಗಾದ ಅಣುಸ್ಥಾವರದಲ್ಲಿ ಇರುವುದೂ ಇದೇ ಅಲ್ವಾ ಅಂತ ಒಬ್ಬರು ಪಿಸುಗುಟ್ಟಿದರು. ಇನ್ನೊಬ್ಬರು ಮೊಬೈಲ್ ಟವರಿನ ಸುದ್ದಿ ತೆಗೆದರು. ಚಿಕ್ಕಪ್ಪ ಬ್ಯಾಂಕಿನಲ್ಲಿ ಇದ್ದವರು, ಲೆಕ್ಕದಲ್ಲಿ ಗಟ್ಟಿ. ಅರ್ಧಾಯು, ಅಂದರೆ ಇದ್ದದ್ದರಲ್ಲಿ ಅರ್ಧ ಒಡೆದುಹೋಗಲು ಬೇಕಾದ ಕಾಲ, 8 ದಿನ ಅಂತ ಎಲ್ಲಿಂದಲೋ ಓದಿಕೊಂಡು ಬಂದಿದ್ದರು. 8 ದಿನಕ್ಕೆ ಅರ್ಧ ಹೋಗುತ್ತದೆ, ಇನ್ನು 8 ದಿನಕ್ಕೆ ಉಳಿದರ್ಧವೂ ಹೋಗುತ್ತದೆ, 16ನೇ ದಿನ ಪೂರಾ ಖಾಲಿ, 17ನೇ ದಿನ ಮೊಮ್ಮಗುವನ್ನು ಎತ್ತಿಕೊಳ್ಳಬಹುದು ಅಂತ ಅವರ ತೀರ್ಮಾನ. ರಾತ್ರಿ ತಂಗಿ ಫೋನ್ ಮಾಡಿದಳು. "ಅಣ್ಣಾ, ಪಪ್ಪ ಹೇಳುವ ಲೆಕ್ಕ ಸರಿ ಉಂಟಾ?"

ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಕಾಮರ್ಸ್ ಹಿಡಿದವನು. ಪರಮಾಣುವಿನ ಬಗ್ಗೆ ನನಗೆ ಗೊತ್ತಿದ್ದದ್ದೆಲ್ಲ ಹತ್ತನೇ ಕ್ಲಾಸಿನ ಭೌತಶಾಸ್ತ್ರದ ಒಂದು ಪಾಠ. ಅಷ್ಟೇ ಸಾಕಾಯಿತು. ಸರಿ ಇಲ್ಲ ಮಾರಾಯ್ತಿ, 16 ದಿನಕ್ಕೆ ಕಾಲು ಭಾಗ ಉಳಿಯುತ್ತದೆ, 24ಕ್ಕೆ ಎಂಟರಲ್ಲೊಂದು, 80 ದಿನ ಆದರೆ ಸಾವಿರದಲ್ಲಿ ಒಂದು ಪಾಲು ಅಂತ ಹೇಳಿದೆ. ಆದರೆ ದೇಹ ಸುಮ್ನೆ ಇಟ್ಟುಕೊಂಡು ಕೂರುವುದಿಲ್ಲ, ಹೆಚ್ಚಿನದ್ದು ಮೊದಲ ಕೆಲವು ದಿನದಲ್ಲೇ ಮೂತ್ರದಲ್ಲಿ ಹೋಗಿಬಿಡುತ್ತದೆ, ಅದಕ್ಕೇ ಎರಡು ಸಲ ಫ್ಲಶ್. ಮಗುವಿನ ವಿಷಯ ಡಾಕ್ಟರು ಬರೆದುಕೊಟ್ಟ ದಿನವನ್ನೇ ನಂಬಿ ಅಂತಲೂ ಹೇಳಿದೆ. ಫೋನ್ ಇಟ್ಟ ಮೇಲೆ ನಿದ್ದೆ ಬರಲಿಲ್ಲ. ಇಷ್ಟು ವರ್ಷ ಕಳೆದರೂ ಈ ಒಂದು ವಿಷಯ ಮಾತ್ರ ಹೇಗೆ ತಲೆಯಲ್ಲಿ ಉಳಿಯಿತು? ಅದೇ ಪಾಠದ ಉಳಿದ ಭಾಗ ಎಲ್ಲಿ ಹೋಯಿತು?

ಹುಣಸೆ ಬೀಜ

ನಮ್ಮ ಹತ್ತನೇ ಕ್ಲಾಸು 1998ರ ಜೂನಿನಲ್ಲಿ ಶುರುವಾದದ್ದು. ಮೇ ತಿಂಗಳಲ್ಲಷ್ಟೇ ಪೋಖ್ರಾನ್‌ನಲ್ಲಿ ಬಾಂಬ್ ಪರೀಕ್ಷೆ ಆಗಿತ್ತು. ಹಾಗಾಗಿ ಆ ಪಾಠ ಬರುವ ಮೊದಲೇ ಹುಡುಗರೆಲ್ಲ ಅಣುವಿಜ್ಞಾನಿಗಳಾಗಿದ್ದೆವು. ಉಡುಪಿಯಿಂದ ಸ್ವಲ್ಪ ಒಳಗಿನ ಕನ್ನಡ ಶಾಲೆ. ಲ್ಯಾಬ್ ಅಂದರೆ ಎರಡು ಕಪಾಟು. ಒಂದರ ಬೀಗದ ಕೈ ಕಳೆದುಹೋಗಿತ್ತು.

ವಿಜ್ಞಾನದ ಮಾಸ್ಟ್ರು ಒಂದು ದಿನ, ನಾಳೆ ಎಲ್ಲರೂ ಹುಣಸೆ ಬೀಜ ತನ್ನಿ ಅಂದರು. ಒಂದು ಬದಿ ಕಲ್ಲಿಗೆ ಉಜ್ಜಿ ಬಿಳಿ ಮಾಡಿರಬೇಕು, ಕವಡೆ ಇಲ್ಲದಾಗ ಆಟಕ್ಕೆ ಮಾಡಿಕೊಳ್ಳುತ್ತೇವಲ್ಲ, ಹಾಗೆ. ಮರುದಿನ ಎಲ್ಲರದ್ದನ್ನೂ ಸೇರಿಸಿ ನೂರು ಎಣಿಸಿ ಬಿಸ್ಕೆಟ್ ಡಬ್ಬಕ್ಕೆ ಹಾಕಿದರು. ಹೊರಗೆ ಆಷಾಢದ ಮಳೆ. ಹಂಚಿನ ಮೇಲೆ ಬೀಳುವ ಸದ್ದಿಗೆ ಮಾಸ್ಟ್ರು ಕಿರುಚಿಯೇ ಮಾತಾಡಬೇಕಿತ್ತು. ಡಬ್ಬ ಅಲ್ಲಾಡಿಸಿ ನೆಲಕ್ಕೆ ಸುರಿದರು. ಬಿಳಿ ಮೇಲೆ ಬಿದ್ದದ್ದು ಒಡೆದ ಪರಮಾಣು, ತೆಗೆದು ಪಕ್ಕಕ್ಕಿಡಿ. ಕಪ್ಪು ಮೇಲೆ ಇದ್ದದ್ದು ಇನ್ನೂ ಹಾಗೇ ಇದೆ, ಡಬ್ಬಕ್ಕೆ ವಾಪಸ್. ಪ್ರತಿ ಸಲವೂ ಉಳಿದದ್ದನ್ನು ಎಣಿಸಿ ಬೋರ್ಡಿನ ಮೇಲೆ ಬರೆಯುತ್ತಾ ಹೋದರು. ಸುಮಾರು ಅರ್ಧ, ಮತ್ತೆ ಸುಮಾರು ಅದರರ್ಧ. ಲೆಕ್ಕ ಯಾವತ್ತೂ ಸರಿಯಾಗಿ ಅರ್ಧ ಬರಲಿಲ್ಲ. ಆದರೆ ಚುಕ್ಕಿ ಇಟ್ಟು ಗೆರೆ ಎಳೆದಾಗ ಪುಸ್ತಕದ ಚಿತ್ರದ ಹಾಗೆಯೇ ಜಾರುತ್ತಾ ಬಂತು.

ಕೊನೆಗೆ ಒಂದೇ ಬೀಜ ಉಳಿಯಿತು. ಅದು ಬಗ್ಗಲೇ ಇಲ್ಲ. ಎಸೆದಷ್ಟು ಸಲವೂ ಕಪ್ಪು. ಇಡೀ ಕ್ಲಾಸು ಎದ್ದು ನಿಂತು ಕಬಡ್ಡಿಗೆ ಕೂಗುವ ಹಾಗೆ ಕೂಗತೊಡಗಿತು. ಪಕ್ಕದ ಕ್ಲಾಸಿನ ಟೀಚರ್ ಬಾಗಿಲಿಗೆ ಬಂದು ಇಣುಕಿ ಹೋದರು.

"ಸರ್, ಅದು ಗಟ್ಟಿ ಬೀಜವಾ?" ಅಂತ ಹಿಂದಿನ ಬೆಂಚಿನವನು ಕೇಳಿದ.

"ಗಟ್ಟಿಯೂ ಇಲ್ಲ, ಮೆತ್ತಗೂ ಇಲ್ಲ. ಎಲ್ಲ ಒಂದೇ."

"ಮತ್ತೆ ಅದು ಮಾತ್ರ ಯಾಕೆ ಉಳಿದದ್ದು?"

"ಉಳಿಯಿತು, ಅಷ್ಟೆ."

ನಮ್ಮಲ್ಲಿ ಒಬ್ಬ ಭಟ್ರ ಮಗ ಇದ್ದ. ಅವನು ಬಿಡಲಿಲ್ಲ. "ಅದರ ಆಯುಷ್ಯ ಗಟ್ಟಿ ಉಂಟು ಸರ್, ಜಾತಕ ನೋಡಿದ್ರೆ ಮೊದಲೇ ಗೊತ್ತಾಗ್ತಿತ್ತು" ಅಂದ. ಎಲ್ಲರೂ ನಕ್ಕರು. ಮಾಸ್ಟ್ರೂ ನಕ್ಕರು. ಆಮೇಲೆ, "ನೂರು ಬೀಜಕ್ಕೆ ಜಾತಕ ಬರೀಬಹುದು ಮಾರಾಯ, ಒಂದು ಬೀಜಕ್ಕೆ ಬರೀಲಿಕ್ಕೆ ಆಗುದಿಲ್ಲ" ಅಂದರು.

ಆ ಮಾತು ಅವತ್ತು ತಮಾಷೆಯಾಗಿ ಕೇಳಿಸಿತ್ತು. ಈಗ ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಪರಮಾಣುವಿಗೆ ಮುಪ್ಪಿಲ್ಲ. ಚಿಕ್ಕಮ್ಮನಿಗೆ ಕೊಟ್ಟದ್ದು ಅಯೋಡಿನ್-131 ಅನ್ನುವ ಬಗೆ. ನಿನ್ನೆ ರಿಯಾಕ್ಟರಿನಲ್ಲಿ ಹುಟ್ಟಿದ ಅಯೋಡಿನ್-131ಕ್ಕೂ, ತಿಂಗಳಿಂದ ಒಡೆಯದೆ ಕೂತ ಅಯೋಡಿನ್-131ಕ್ಕೂ ಮುಂದಿನ 8 ದಿನದಲ್ಲಿ ಒಡೆಯುವ ಸಾಧ್ಯತೆ ಒಂದೇ, ಅರ್ಧಕ್ಕರ್ಧ. ಹಳತಾಯಿತು ಅಂತ ಅದು ಸವೆಯುವುದಿಲ್ಲ, ದುರ್ಬಲ ಆಗುವುದಿಲ್ಲ. ಯಾವುದು ಯಾವಾಗ ಒಡೆಯುತ್ತದೆ ಅಂತ ಮೊದಲೇ ಹೇಳುವ ದಾರಿ ಯಾರಿಗೂ ಸಿಕ್ಕಿಲ್ಲ. ನಮ್ಮ ಉಪಕರಣ ಸಾಲದು ಅಂತಲ್ಲ, ಪ್ರಕೃತಿಯೇ ಹಾಗೆ ಎನ್ನುತ್ತದೆ ಈಗಿನ ಭೌತಶಾಸ್ತ್ರ. ಪ್ರತಿಯೊಂದಕ್ಕೂ ಕಾರಣ ಹುಡುಕುವ ನಮ್ಮ ಊರಿನಲ್ಲಿ, ದನ ಹಾಲು ಕೊಡದಿದ್ದರೂ ಜೋಯಿಸರಲ್ಲಿ ಪ್ರಶ್ನೆ ಇಡಿಸುವ ಜನರ ಮಧ್ಯೆ, ಮಾಸ್ಟ್ರು ಇದನ್ನು ಬಿಸ್ಕೆಟ್ ಡಬ್ಬದಲ್ಲಿಟ್ಟು ತೋರಿಸಿದರು ಅಂದರೆ ಸಣ್ಣ ಕೆಲಸವಲ್ಲ.

ವರವೋ ಶಾಪವೋ

ಉಳಿದ ಪಾಠ ಹೀಗಿರಲಿಲ್ಲ. ಬೆಕೆರೆಲ್ 1896, ಕ್ಯೂರಿ ದಂಪತಿ 1898, ರುದರ್‌ಫೋರ್ಡ್ 1911 ಅಂತ ಇಸವಿಗಳ ಮೆರವಣಿಗೆ. ಪರಮಾಣು ಒಡೆದಾಗ ಹೊರಡುವ ಮೂರು ಕಿರಣಗಳಲ್ಲಿ ಆಲ್ಫಾ ಕಾಗದಕ್ಕೆ ನಿಲ್ಲುತ್ತದೆ, ಬೀಟಾ ಅಲ್ಯುಮಿನಿಯಂ ತಗಡಿಗೆ, ಗಾಮಾಕ್ಕೆ ದಪ್ಪ ಸೀಸ ಬೇಕು. ಮೂರು ಅಂಕ. ತೆಳು ಚಿನ್ನದ ಹಾಳೆಗೆ ಆಲ್ಫಾ ಕಣ ಬಡಿಸಿ ನೋಡಿದ ಪ್ರಯೋಗಕ್ಕೆ ಚಿತ್ರ ಬರೆದರೆ ನಾಲ್ಕು. ಆ ಪ್ರಯೋಗ ಮಾಡಿದವರು ಗೈಗರ್ ಮತ್ತು ಮಾರ್ಸ್‌ಡನ್, ಅದರಲ್ಲಿ ಮಾರ್ಸ್‌ಡನ್ 1909ರಲ್ಲಿ ಇನ್ನೂ ಡಿಗ್ರಿ ಓದುತ್ತಿದ್ದ ಇಪ್ಪತ್ತರ ಹುಡುಗ, ಇಬ್ಬರೂ ಕತ್ತಲ ಕೋಣೆಯಲ್ಲಿ ಕೂತು ಪರದೆಯ ಮೇಲೆ ಮಿಣುಕುವ ಚುಕ್ಕಿಗಳನ್ನು ಕಣ್ಣಿನಿಂದಲೇ ಎಣಿಸುತ್ತಿದ್ದರು ಅನ್ನುವುದನ್ನು ಪುಸ್ತಕ ಹೇಳಲಿಲ್ಲ. ಹೇಳಿದ್ದರೆ ನಾವು ಎಣಿಸಿದ ಹುಣಸೆ ಬೀಜಕ್ಕೂ ಒಂದು ಮರ್ಯಾದೆ ಬರುತ್ತಿತ್ತು.

ಆ ವರ್ಷ ಚರ್ಚಾಸ್ಪರ್ಧೆಯೂ ಇತ್ತು. ವಿಷಯ ಬೇರೆ ಏನಿರಲು ಸಾಧ್ಯ? ಅಣುಶಕ್ತಿ ವರವೋ ಶಾಪವೋ. ನನಗೆ ಚೀಟಿಯಲ್ಲಿ ಶಾಪ ಬಂತು. ಹಿರೋಶಿಮಾ, ನಾಗಸಾಕಿ, ಚೆರ್ನೋಬಿಲ್ ಅಂತ ಏರುದನಿಯಲ್ಲಿ ಹೇಳಿ ಕೈಗಾಕ್ಕೆ ಬಂದೆ. ವರದ ಕಡೆಯವನು ಕರೆಂಟು, ದೇಶದ ಹೆಮ್ಮೆ, ಪೋಖ್ರಾನ್ ಅಂದ. ಅವನ ಸ್ವರ ದೊಡ್ಡದು, ಬಹುಮಾನ ಅವನಿಗೇ ಹೋಯಿತು.

ಕೈಗಾ ಆಗ ನಮ್ಮ ಕರಾವಳಿಯ ಮನೆಮಾತು. ಕೋಟದ ಶಿವರಾಮ ಕಾರಂತರು ಆ ಸ್ಥಾವರ ಬೇಡ ಅಂತ ಹೋರಾಡಿದವರು, 1989ರಲ್ಲಿ ಆ ಕಾರಣಕ್ಕೇ ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತವರು. ಅವರು ತೀರಿಕೊಂಡು ಆಗಷ್ಟೇ ಕೆಲವು ತಿಂಗಳಾಗಿತ್ತು. 1994ರಲ್ಲಿ ಕಟ್ಟುತ್ತಿದ್ದ ಗುಮ್ಮಟದ ಕಾಂಕ್ರೀಟು ಕುಸಿದು ಬಿದ್ದದ್ದು ಎಲ್ಲರಿಗೂ ನೆನಪಿತ್ತು. ನಾನು ಭಾಷಣದಲ್ಲಿ ಅದನ್ನೂ ಚೆರ್ನೋಬಿಲ್ ಪಕ್ಕದಲ್ಲೇ ತಂದು ನಿಲ್ಲಿಸಿದ್ದೆ. ಗುಮ್ಮಟ ಬಿದ್ದಾಗ ಒಳಗೆ ಇಂಧನವೇ ಇರಲಿಲ್ಲ, ರಿಯಾಕ್ಟರ್ ಶುರುವಾಗಲು ಇನ್ನೂ ವರ್ಷಗಳಿದ್ದವು ಅಂತ ಎದುರಿನವನೂ ಹೇಳಲಿಲ್ಲ, ತೀರ್ಪುಗಾರರೂ ಕೇಳಲಿಲ್ಲ. ಕಾಡು ಹೋಗುತ್ತದೆ, ಕಾಳಿ ನದಿ ಕಣಿವೆಯ ಜನ ಏನು ಮಾಡಬೇಕು, ಕಟ್ಟುವಾಗಲೇ ಕುಸಿಯುವ ಕಟ್ಟಡವನ್ನು ಹೇಗೆ ನಂಬುವುದು ಎಂಬ ಪ್ರಶ್ನೆಗಳು ನಿಜವಾದವು. ಅವುಗಳಿಗೆ ಬಾಂಬಿನ ಆಸರೆ ಬೇಕಿರಲಿಲ್ಲ. ಈಗ ಅಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ.

ಅವತ್ತಿನ ಭಾಷಣಗಳಲ್ಲಿ ಒಂದು ವಸ್ತು ಪೂರ್ತಿ ಮಾಯವಾಗಿತ್ತು. ಎಷ್ಟು? ಎಷ್ಟು ವಿಕಿರಣ, ಯಾವ ಅಳತೆಯಲ್ಲಿ, ಯಾವುದಕ್ಕೆ ಹೋಲಿಸಿದರೆ? ಪಾಠದಲ್ಲೂ ಅದು ಇರಲಿಲ್ಲ. ವಿಧಗಳು ಇದ್ದವು, ಗುಣಗಳು ಇದ್ದವು, ಉಪಯೋಗ ಮತ್ತು ದುಷ್ಪರಿಣಾಮ ಇದ್ದವು. ಅಳತೆ ಇರಲಿಲ್ಲ. ಉಪ್ಪಿನಿಂದ ಬಿ.ಪಿ. ಏರುತ್ತದೆ ಅಂತ ಕಲಿಸಿ, ಚಮಚದ ಲೆಕ್ಕ ಹೇಳದೆ ಬಿಟ್ಟ ಹಾಗೆ.

ಅಟ್ಟದಲ್ಲಿದ್ದ ಥೋರಿಯಂ

ನಮ್ಮ ಅಜ್ಜನ ಮನೆಯ ಅಟ್ಟದಲ್ಲಿ ಒಂದು ಗ್ಯಾಸ್‌ಲೈಟ್ ಇತ್ತು. ಪೆಟ್ರೋಮ್ಯಾಕ್ಸ್ ಅಂತ ಹೊರಗಿನವರು ಹೇಳುವುದು, ನಮಗೆ ಗ್ಯಾಸ್‌ಲೈಟೇ. ಮದುವೆ, ಕೋಲ, ಹರಕೆ ಬಯಲಾಟ ಅಂದರೆ ಅದು ಕೆಳಗೆ ಇಳಿಯುತ್ತಿತ್ತು. ನಾನು ಚಿಕ್ಕವನಿದ್ದಾಗಲೇ ಟ್ಯೂಬ್‌ಲೈಟು ಬಂದಿತ್ತು. ಆದರೂ ಕರೆಂಟು ಕೈಕೊಟ್ಟರೆ ವೇಷದವರು ಬಣ್ಣ ಹಚ್ಚುವ ಚೌಕಿಗೆ ಇದೇ ಗತಿ. ಒಬ್ಬರು ಮಾವ ಇದ್ದರು, ದೀಪ ಹೊತ್ತಿಸುವ ಕೆಲಸ ಬೇರೆಯವರಿಗೆ ಬಿಡುತ್ತಿರಲಿಲ್ಲ. ಹೊಸ ಮ್ಯಾಂಟಲ್ ಅಂದರೆ ಮೆತ್ತನೆಯ ಬಲೆಯಂಥ ಚೀಲ. ಅದನ್ನು ದಾರದಿಂದ ಕಟ್ಟಿ ಬೆಂಕಿ ಕೊಟ್ಟರೆ ಬಟ್ಟೆ ಸುಟ್ಟುಹೋಗಿ ಬಿಳಿ ಬೂದಿಯ ಗೂಡೊಂದು ನೇತಾಡುತ್ತದೆ. ಪಂಪ್ ಹೊಡೆದರೆ ಸೀಮೆಎಣ್ಣೆಯ ಆವಿ ಹೊತ್ತಿ ಆ ಗೂಡು ಕಣ್ಣು ಕುಕ್ಕುವ ಹಾಗೆ ಬೆಳಗುತ್ತದೆ. ಮುಟ್ಟಿದರೆ ಪುಡಿ. ಮುಟ್ಟದೇ ಇರುವ ಮಗು ಯಾವುದುಂಟು? ಒಂದು ಪೆಟ್ಟೂ, ಹೊಸ ಮ್ಯಾಂಟಲಿನ ದುಡ್ಡಿನ ಮಾತೂ ನಮಗೆಲ್ಲ ಸಿಕ್ಕಿದೆ.

ಆ ಬೂದಿ ಹೆಚ್ಚುಕಡಿಮೆ ಎಲ್ಲವೂ ಥೋರಿಯಂ ಆಕ್ಸೈಡ್, ಜೊತೆಗೆ ನೂರರಲ್ಲಿ ಒಂದು ಪಾಲು ಸೀರಿಯಂ. ಇದು ಆಸ್ಟ್ರಿಯಾದ ವೆಲ್ಸ್‌ಬಾಕ್ ಕಂಡುಹಿಡಿದ ಪಾಕ. 1890ರ ದಶಕದಲ್ಲಿ ಯುರೋಪಿನ ಎಷ್ಟೋ ಬೀದಿದೀಪಗಳಲ್ಲಿ ಅದೇ ಉರಿಯುತ್ತಿತ್ತು. 1898ರಲ್ಲಿ ಮೇರಿ ಕ್ಯೂರಿ, ಅತ್ತ ಜರ್ಮನಿಯಲ್ಲಿ ಶ್ಮಿಟ್, ಥೋರಿಯಂ ಕೂಡ ವಿಕಿರಣ ಸೂಸುತ್ತದೆ ಅಂತ ಪತ್ತೆ ಮಾಡಿದಾಗ, ಆ ವಸ್ತು ಆಗಲೇ ಊರೆಲ್ಲ ಬೆಳಗುತ್ತಿತ್ತು. ಮುಂದಿನ ಕತೆ ನಮ್ಮ ಕಡೆಯದ್ದು. 1909ರಲ್ಲಿ ಶೋಂಬರ್ಗ್ ಅನ್ನುವ ಜರ್ಮನ್ ರಸಾಯನಶಾಸ್ತ್ರಜ್ಞ ತಿರುವಾಂಕೂರಿನಿಂದ ಹೋದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಮೊನಜೈಟ್ ಕಂಡ. ಮೊನಜೈಟ್ ಅಂದರೆ ಥೋರಿಯಂ ಇರುವ ಖನಿಜ. ಹಗ್ಗದ ನಾರಿನಿಂದ ಉದುರಿದ ಮರಳಿನಿಂದ ಒಂದು ಉದ್ಯಮವೇ ಎದ್ದಿತು.

ಈ ಮೊನಜೈಟ್ ಕೇರಳದಲ್ಲಿ ಮಾತ್ರ ಇರುವುದಲ್ಲ. ಉಳ್ಳಾಲದ ಕಡಲ ಮರಳಿನಲ್ಲೂ ಅದು ಅಲ್ಲಲ್ಲಿ ಸಿಗುತ್ತದೆ. ಅಂಥ ಜಾಗಗಳಲ್ಲಿ ಸಹಜ ವಿಕಿರಣ ಉಳಿದ ಕಡೆಗಿಂತ ಜಾಸ್ತಿ. ಇದನ್ನು ಅಳೆದವರು ಅಲ್ಲೇ ಮೇಲೆ ಕೊಣಾಜೆಯಲ್ಲಿರುವ ಮಂಗಳೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರದವರು. ಕರಾವಳಿಯ ಮಣ್ಣು, ಮರಳು, ಮೀನು ಎಲ್ಲವನ್ನೂ ಅವರು ವರ್ಷಗಟ್ಟಲೆ ಅಳೆದಿದ್ದಾರೆ. ಅಲೆ ಹಗುರ ಮರಳನ್ನು ಎಳೆದುಕೊಂಡು ಹೋಗುತ್ತದೆ, ಭಾರದ ಖನಿಜ ದಡದಲ್ಲಿ ಗೆರೆಗೆರೆಯಾಗಿ ಉಳಿಯುತ್ತದೆ. ಕಪ್ಪಗೆ ಕಾಣುವುದು ಹೆಚ್ಚಾಗಿ ಇಲ್ಮನೈಟ್, ಅದರ ಜೊತೆಯಲ್ಲಿ ಕಂದು ಹಳದಿಯ ಮೊನಜೈಟ್. ಶಾಲೆಯ ಪ್ರವಾಸಕ್ಕೆ ಉಳ್ಳಾಲಕ್ಕೆ ಹೋಗಿ ದರ್ಗಾ ನೋಡಿ, ಅಬ್ಬಕ್ಕನ ಕತೆ ಕೇಳಿ, ಅದೇ ಮರಳಿನಲ್ಲಿ ಹೊರಳಾಡಿ ಬಂದವರು ನಾವು. ಹತ್ತನೇ ಕ್ಲಾಸಿನ ಪಾಠದಲ್ಲಿ ವಿಕಿರಣ ಮಾತ್ರ ಬೆಕೆರೆಲ್, ಕ್ಯೂರಿಗಳ ಪ್ಯಾರಿಸ್‌ನಲ್ಲಿತ್ತು.

ಥೋರಿಯಂನ ಅರ್ಧಾಯು ಸುಮಾರು 1,400 ಕೋಟಿ ವರ್ಷ. ಭೂಮಿ ಹುಟ್ಟಿದಾಗ ಇದ್ದ ಥೋರಿಯಂನ ಐದರಲ್ಲಿ ನಾಲ್ಕು ಪಾಲು ಇನ್ನೂ ಹಾಗೇ ಇದೆ. 1,400 ಕೋಟಿ ಅಂದ ಕೂಡಲೇ ಜನ ಹೌಹಾರುತ್ತಾರೆ, ಅಷ್ಟು ಕಾಲ ವಿಷವಾ ಅಂತ. ಹುಣಸೆ ಬೀಜ ನೆನಪಿದ್ದವರಿಗೆ ಇದು ಉಲ್ಟಾ ಕಾಣುತ್ತದೆ. ಅರ್ಧಾಯು ಉದ್ದ ಇದ್ದಷ್ಟೂ ಒಡೆಯುವುದು ನಿಧಾನ. ಒಂದು ಗ್ರಾಂ ಥೋರಿಯಂನಲ್ಲಿ ಸೆಕೆಂಡಿಗೆ ಒಡೆಯುವ ಪರಮಾಣುಗಳು ಸುಮಾರು 4,000. ಒಂದು ಗ್ರಾಂ ಅಯೋಡಿನ್-131 ಇದ್ದರೆ ಸೆಕೆಂಡಿಗೆ ಸುಮಾರು 4,600 ಲಕ್ಷ ಕೋಟಿ. ಹಾಗಾಗಿಯೇ ಚಿಕ್ಕಮ್ಮನಿಗೆ ಕೊಟ್ಟದ್ದು ಗ್ರಾಂನ ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ. ಇನ್ನೊಂದು ಅಂಕಿ ಹೇಳುತ್ತೇನೆ. 70 ಕಿಲೋ ತೂಗುವ ಮನುಷ್ಯನ ಮೈಯಲ್ಲೇ ಪೊಟ್ಯಾಸಿಯಂ-40 ಸೆಕೆಂಡಿಗೆ 4,000ಕ್ಕಿಂತ ಹೆಚ್ಚು ಸಲ ಒಡೆಯುತ್ತಿರುತ್ತದೆ. ಬಾಳೆಹಣ್ಣು, ಹಾಲು, ಎಳನೀರು ಎಲ್ಲದರಿಂದಲೂ ಅದು ಬರುತ್ತದೆ. ಚಿಪ್ಪು ತಿನ್ನುವ ನಮ್ಮಂಥವರಿಗೆ ಮರುವಾಯಿ, ಪಚ್ಚಿಲೆಯಿಂದ ಚೂರು ಪೊಲೋನಿಯಂ-210 ಕೂಡ ಸೇರುತ್ತದೆ.

ಎಷ್ಟು

ಅಳತೆ ಕಲಿಯುವುದು ಕಷ್ಟವಲ್ಲ. ಮೈಗೆ ತಾಗುವ ವಿಕಿರಣವನ್ನು ಅಳೆಯುವ ಮಿಲಿಸೀವರ್ಟ್ ಅಂತ ಒಂದು ಮಾನ ಗೊತ್ತಿದ್ದರೆ ಸಾಕು. ನೆಲ, ಗಾಳಿ, ಆಹಾರ, ಆಕಾಶ ಎಲ್ಲ ಸೇರಿ ಮನುಷ್ಯನಿಗೆ ವರ್ಷಕ್ಕೆ ಸಿಗುವ ಸಹಜ ವಿಕಿರಣದ ಜಾಗತಿಕ ಸರಾಸರಿ ಸುಮಾರು 2.4. ಎದೆಯ ಎಕ್ಸ್‌ರೇಯಿಂದ 0.1ಕ್ಕಿಂತ ಕಡಿಮೆ. ಎದೆಯ ಸಿ.ಟಿ. ಸ್ಕ್ಯಾನ್ ಅಂದರೆ ಐದಾರು. ಅಣುಸ್ಥಾವರದಿಂದ ಹೊರಗಿನ ಜನರಿಗೆ ವರ್ಷಕ್ಕೆ 1ಕ್ಕಿಂತ ಹೆಚ್ಚು ಸೇರಬಾರದು ಅನ್ನುವುದು ನಮ್ಮ ದೇಶದ ನಿಯಮ. ಕೇರಳದ ಕರುನಾಗಪ್ಪಳ್ಳಿಯಲ್ಲಿ ಮೊನಜೈಟ್ ಮರಳಿನ ಮೇಲೆಯೇ ತಲೆತಲಾಂತರದಿಂದ ಜನ ಇದ್ದಾರೆ. ಅಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ ಆ ಸಹಜ ವಿಕಿರಣದಿಂದ ಕ್ಯಾನ್ಸರ್ ಜಾಸ್ತಿಯಾಗಿದೆ ಅನ್ನುವುದಕ್ಕೆ ಆಧಾರ ಸಿಗಲಿಲ್ಲ.

ಮಂಗಳೂರು, ಮಣಿಪಾಲದಲ್ಲಿ ತಲೆನೋವು ಅಂದರೂ ಸ್ಕ್ಯಾನ್ ಮಾಡಿಸಿ ಬರುವ ಜನ ನಾವು. ಫೈಲ್ ಹಿಡಿದು ಸ್ಕ್ಯಾನಿಂಗ್ ಸೆಂಟರಿನ ಹೊರಗೆ ಕೂತು, ಊರಿನ ಟವರಿನ ವಿಕಿರಣದ ಬಗ್ಗೆ ಮೊಬೈಲಿನಲ್ಲೇ ಫಾರ್ವರ್ಡ್ ಕಳಿಸುತ್ತೇವೆ. ಟವರಿನ ರೇಡಿಯೋ ಅಲೆಗೆ ಪರಮಾಣುವಿನಿಂದ ಇಲೆಕ್ಟ್ರಾನ್ ಕಿತ್ತುಹಾಕುವ ಶಕ್ತಿಯೇ ಇಲ್ಲ, ಗಾಮಾ ಕಿರಣಕ್ಕೆ ಇದೆ. ಇಷ್ಟು ಹೇಳಿದರೂ ಅರ್ಧ ಜಗಳ ತೀರುತ್ತದೆ. ಸಿ.ಟಿ. ಬೇಡ ಅಂತ ನಾನು ಹೇಳುತ್ತಿಲ್ಲ. ಬೇಕಾದಾಗ ಬೇಕೇ ಬೇಕು. ಇದು ಬೇಕಾ ಅಂತ ಡಾಕ್ಟರನ್ನು ಕೇಳುವ ಧೈರ್ಯ ಬರಬೇಕಾದರೆ ಆ ಐದಾರರ ಅಂದಾಜು ಇರಬೇಕು, ಅಷ್ಟೆ.

ಹಾಗೆ ನೋಡಿದರೆ ಚಿಕ್ಕಮ್ಮನ ಕೈಗೆ ಬಂದ ಆ ಹಾಳೆ ನಮ್ಮ ಹತ್ತನೇ ಕ್ಲಾಸಿನ ಆ ಪಾಠದ ಪ್ರಶ್ನೆಪತ್ರಿಕೆಯೇ. ಮೀನು ಯಾಕೆ ಬಿಡಬೇಕು? ಮೀನಿನಲ್ಲಿರುವ ಅಯೋಡಿನ್-127 ಮತ್ತು ಔಷಧಿಯ 131, ಎರಡರಲ್ಲೂ 53 ಪ್ರೋಟಾನ್. ನ್ಯೂಟ್ರಾನ್ ಮಾತ್ರ 74 ಮತ್ತು 78. ಇಂಥವಕ್ಕೇ ಸಮಸ್ಥಾನಿ ಅನ್ನುವುದು. ಥೈರಾಯ್ಡಿನ ಜೀವಕೋಶಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದನ್ನು ಎರಡು ವಾರ ಉಪವಾಸ ಕೆಡವಿದರೆ ಕೊಟ್ಟದ್ದನ್ನು ಗಬಗಬ ನುಂಗುತ್ತದೆ. ಒಂಟಿ ರೂಮು ಯಾಕೆ? ಬೀಟಾ ಕಣ ಒಂದೆರಡು ಮಿಲಿಮೀಟರ್ ಹೋಗುವಷ್ಟರಲ್ಲಿ ನಿಲ್ಲುತ್ತದೆ, ಕ್ಯಾನ್ಸರನ್ನು ಸುಡುವುದು ಅದು. ಜೊತೆಗೆ ಹೊರಡುವ ಗಾಮಾ ಮೈದಾಟಿ ಪಕ್ಕದಲ್ಲಿ ಕೂತವರಿಗೂ ತಾಗುತ್ತದೆ. ಒಡೆದ ಅಯೋಡಿನ್ ಏನಾಗುತ್ತದೆ? ಪ್ರೋಟಾನ್ ಒಂದು ಹೆಚ್ಚಾಗಿ ಕ್ಸೆನಾನ್ ಆಗುತ್ತದೆ. ಸಮಸ್ಥಾನಿ, ಅರ್ಧಾಯು, ಮೂರು ಕಿರಣ. ಎಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇ.

ಮಗಳ ಪುಸ್ತಕ ತೆರೆದು ನೋಡಿದೆ. ಒಂಬತ್ತನೇ ಕ್ಲಾಸಿನ ಪರಮಾಣು ರಚನೆಯ ಪಾಠದಲ್ಲಿ ಅಯೋಡಿನ್ನಿನ ಒಂದು ಸಮಸ್ಥಾನಿಯನ್ನು ಗಳಗಂಡದ ಚಿಕಿತ್ಸೆಗೆ ಬಳಸುತ್ತಾರೆ ಅಂತ ಒಂದೇ ಸಾಲು. ಹೇಗೆ, ಯಾಕೆ, ಎಷ್ಟು ದಿನ ಅಂತ ಇಲ್ಲ. ಹತ್ತನೇ ತರಗತಿಯಲ್ಲಿ ಅಣುಶಕ್ತಿಯ ವಿಷಯ ಇದ್ದ ಶಕ್ತಿಯ ಆಕರಗಳ ಪಾಠವನ್ನೇ ಪಠ್ಯಪುಸ್ತಕ ಮಾಡುವ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ ಹೊರೆ ಇಳಿಸುವ ಹೆಸರಿನಲ್ಲಿ ಕೈಬಿಟ್ಟಿತು. ಮಕ್ಕಳ ಹೊರೆ ಇಳಿಯಲಿ, ನನಗೇನೂ ಬೇಜಾರಿಲ್ಲ. ಇಸವಿಗಳನ್ನು ಇಳಿಸಿ, ಚಿತ್ರಕ್ಕಿರುವ ಅಂಕ ಇಳಿಸಿ. ನನ್ನ ಹಾಗೆ ಅಲ್ಲಿಗೇ ವಿಜ್ಞಾನ ಬಿಟ್ಟು ಹೋಗುವವರಿಗೆ ಅರ್ಧಾಯು ಮತ್ತೆಲ್ಲೂ ಸಿಗುವುದಿಲ್ಲ. ಅವರ ಮನೆಗೂ ಒಂದು ದಿನ ಆಸ್ಪತ್ರೆಯಿಂದ ಅಂಥ ಹಾಳೆ ಬರಬಹುದು.

ಪುಸ್ತಕದಲ್ಲಿ ಇಲ್ಲದಿದ್ದರೂ ಮಾಡಿ ತೋರಿಸಬೇಕು ಅನ್ನುವ ಟೀಚರುಗಳು ಇದ್ದೇ ಇದ್ದಾರೆ. ಹುಣಸೆ ಬೀಜಕ್ಕೆ ಖರ್ಚಿಲ್ಲ. ವಿಕಿರಣ ಎಣಿಸುವ ಚಿಕ್ಕ ಗೈಗರ್ ಕೌಂಟರ್ ಈಗ ಆನ್‌ಲೈನಿನಲ್ಲಿ ಕೆಲವು ಸಾವಿರಕ್ಕೆ ಸಿಗುತ್ತದೆ, ಹಳೆ ವಿದ್ಯಾರ್ಥಿಗಳನ್ನು ಕೇಳಿದರೆ ಯಾರಾದರೂ ಕೊಡಿಸಿಯಾರು. ಅದನ್ನು ಮೊದಲು ಖಾಲಿ ಮೇಜಿನ ಮೇಲೆ ಇಟ್ಟು ನಿಮಿಷಕ್ಕೆ ಎಷ್ಟು ಸಲ ಟಿಕ್ ಅನ್ನುತ್ತದೆ ಅಂತ ಎಣಿಸಬೇಕು, ಆಮೇಲೆ ಉಳ್ಳಾಲದ ಕಪ್ಪು ಗೆರೆಯ ಹತ್ತಿರ ಹಿಡಿದು ನೋಡಬೇಕು. ಹಳೆ ಮನೆಯ ಅಟ್ಟದಲ್ಲಿ ಪ್ಯಾಕೆಟ್ ಒಡೆಯದ ಮ್ಯಾಂಟಲ್ ಸಿಕ್ಕರೆ ಅದರ ಪಕ್ಕದಲ್ಲೂ. ಹೊಸ ಮ್ಯಾಂಟಲ್ ತಂದರೆ ಬಹುಶಃ ಸದ್ದು ಏರುವುದಿಲ್ಲ, ಈಗ ಹೆಚ್ಚಿನವರು ಥೋರಿಯಂ ಬದಲು ಇಟ್ರಿಯಂ ಹಾಕುತ್ತಾರೆ. ಹಳತನ್ನು ಮಾತ್ರ ಕವರಿನಿಂದ ತೆಗೆಯಬೇಡಿ, ಉರಿಸಬೇಡಿ. ಆಲ್ಫಾ ಕಣ ಕಾಗದಕ್ಕೆ ನಿಲ್ಲುವುದು ನಿಜ. ಪುಡಿ ಉಸಿರಿನೊಡನೆ ಶ್ವಾಸಕೋಶಕ್ಕೆ ಹೋದರೆ ಅಲ್ಲಿ ಅಡ್ಡ ಹಿಡಿಯಲು ಕಾಗದ ಇರುವುದಿಲ್ಲ.